ಸಂಜೆಯ ಇಪ್ಪತ್ತು ನಿಮಿಷ: ಕೆಲಸಕ್ಕೆ ಹೋಗುವ ಅಮ್ಮ ಮನೆಯಲ್ಲಿ ಓದಿಸುವುದು ಹೇಗೆ?

"ಆರೂವರೆಗೆ ಮನೆ ಸೇರುತ್ತೇನೆ. ಎಂಟೂವರೆಗೆ ಮಗು ತೂಕಡಿಸುತ್ತೆ. ನಡುವೆ ಅಡುಗೆ, ಹೋಮ್‌ವರ್ಕ್, ನಾಳೆಯ ಬ್ಯಾಗು. ಇದರಲ್ಲಿ ನಾನು ಏನು ಹೇಳಿಕೊಡಲಿ, ಯಾವಾಗ ಹೇಳಿಕೊಡಲಿ?" ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಎಷ್ಟೋ ಮಂದಿ ಸ್ವತಃ ಟೀಚರ್‌ಗಳು. ಹಗಲೆಲ್ಲ ತರಗತಿ ತುಂಬ ಮಕ್ಕಳಿಗೆ ಪಾಠ ಮಾಡಿ ಬಂದು, ಮನೆಯಲ್ಲಿರುವ ಒಂದು ಮಗುವಿನ ಮುಂದೆ ಕೈಚೆಲ್ಲಿ ಕೂರುವವರು. ನಾನೂ ಆ ಸಾಲಿನವಳೇ. ಅದಕ್ಕೇ ಒಮ್ಮೆ ಕೂತು ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ.

ಶಾಲೆಯಲ್ಲಿ ದಿನವಿಡೀ ನಡೆದದ್ದನ್ನು ಮನೆಯಲ್ಲಿ ಮತ್ತೆ ನಡೆಸಲು ಹೋಗಬೇಡಿ. ಆ ಶಕ್ತಿ ನಿಮ್ಮಲ್ಲೂ ಉಳಿದಿರುವುದಿಲ್ಲ, ಮಗುವಿನಲ್ಲೂ ಉಳಿದಿರುವುದಿಲ್ಲ. ಮನೆಗೆ ಇರುವ ಅನುಕೂಲ ಒಂದೇ ಒಂದು: ಎದುರಿಗಿರುವುದು ಒಂದೇ ಮಗು. ಆ ಮಗು ಎಲ್ಲಿ ಎಡವುತ್ತಿದೆ ಎಂದು ನಿಂತು ನೋಡುವ ಪುರುಸೊತ್ತು ತರಗತಿಯಲ್ಲಿ ಸಿಗುವುದು ಕಷ್ಟ, ಮನೆಯಲ್ಲಿ ಸಿಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಅನುಕೂಲವನ್ನು ಬಳಸಿಕೊಳ್ಳುವ ದಾರಿಗಳು. ಆರರಿಂದ ಹನ್ನೆರಡು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ಸಿಲ್, ಅಂಗೈಯಗಲದ ಒಂದಷ್ಟು ರಟ್ಟಿನ ಚೀಟಿ, ಮೂರು ಖಾಲಿ ಡಬ್ಬಿ, ಕಣ್ಣಿಗೆ ಕಾಣುವ ಕಡೆ ಒಂದು ಗಡಿಯಾರ. ಇನ್ನೊಂದು ಚಿಕ್ಕ ಪುಸ್ತಕ ನಿಮಗೆ ಬೇಕು. ಅದು ಮಗುವಿನ ಕೈಗೆ ಸಿಗುವಂತಿರಬಾರದು. ಮಗು ಮಾಡುವ ತಪ್ಪುಗಳನ್ನು ತಾರೀಖು ಹಾಕಿ ಅದರಲ್ಲಿ ಬರೆದಿಡುತ್ತೀರಿ.

ಕೆಂಪು ಪೆನ್ನು ಬೇಡ. ನಾನು ಮೊದಲ ವರ್ಷ ಕೆಂಪು ಪೆನ್ನು ಹಿಡಿದೇ ಕೂರುತ್ತಿದ್ದೆ. ಮೂರನೇ ವಾರಕ್ಕೆ ಮಗಳು ನೋಟ್‌ಬುಕ್ಕನ್ನು ಶಾಲೆಯಲ್ಲೇ "ಮರೆತು" ಬರತೊಡಗಿದಳು.

ವರ್ಕ್‌ಬುಕ್ಕು, ಆ್ಯಪ್ಪು ಇತ್ಯಾದಿಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ತೊಡಕು ಎಲ್ಲಿದೆ ಎಂದು ಗೊತ್ತಾಗುವ ಮೊದಲು ತಂದದ್ದು ಕಪಾಟಿನಲ್ಲೇ ಕೂರುತ್ತದೆ.

ಹಂತ 1: ಹೇಳಿಕೊಡುವ ಮೊದಲು ನೋಡಿ

ಮೊದಲ ವಾರ ಏನನ್ನೂ ಕಲಿಸಬೇಡಿ. ಹೆಚ್ಚಿನವರು ದಾಟಿಬಿಡುವ ಹಂತ ಇದು. ಇದನ್ನು ದಾಟಿದರೆ ಮುಂದಿನದೆಲ್ಲ ಕತ್ತಲಲ್ಲಿ ತಡಕಾಡಿದಂತೆ.

"ಗಣಿತದಲ್ಲಿ ವೀಕು" ಎನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಮಗುವಿನ ತಪ್ಪಿಗೆ ಸಾಮಾನ್ಯವಾಗಿ ಅದರದೇ ಒಂದು ಲೆಕ್ಕಾಚಾರ ಇರುತ್ತದೆ. 52ರಲ್ಲಿ 38 ಕಳೆ ಎಂದರೆ ಮಗು 26 ಎಂದು ಬರೆಯಿತು ಅಂದುಕೊಳ್ಳಿ. ಅದು ಗಮನವಿಲ್ಲದೆ ಮಾಡಿದ ತಪ್ಪು ಎಂದು ಗದರುವ ಮುನ್ನ ಅಂಕಿಗಳನ್ನು ನೋಡಿ. ಬಿಡಿ ಸ್ಥಾನದಲ್ಲಿ 2 ಮತ್ತು 8. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು 6 ಬರೆದಿದೆ. ಹತ್ತರ ಸ್ಥಾನದಲ್ಲಿ 5ರಲ್ಲಿ 3 ಕಳೆದು 2. ಅಂದರೆ "ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನೇ ಕಳೆಯಬೇಕು" ಎಂಬ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಖಾತ್ರಿ ಮಾಡಿಕೊಳ್ಳಬೇಕೆಂದರೆ 403ರಲ್ಲಿ 157 ಕಳೆಯಲು ಕೊಡಿ. ಸರಿಯುತ್ತರ 246, ಮಗು 354 ಬರೆದರೆ ನಿಮ್ಮ ಅನುಮಾನ ನಿಜ. ಇಂಥ ಮಗುವಿಗೆ ಇನ್ನೂ ಐವತ್ತು ಕಳೆಯುವ ಲೆಕ್ಕ ಕೊಟ್ಟರೆ ಅದೇ ತಪ್ಪನ್ನು ಐವತ್ತು ಸಲ ಗಟ್ಟಿ ಮಾಡಿಕೊಳ್ಳುತ್ತದೆ.

ಇದೇ ಜಾತಿಯ ಇನ್ನೆರಡು ತಪ್ಪುಗಳು ನನಗೆ ಪದೇ ಪದೇ ಸಿಗುತ್ತವೆ:

8 + 4 = ☐ + 5. ಡಬ್ಬದಲ್ಲಿ 12 ಅಥವಾ 17 ಬರೆದರೆ, ಸಮ ಚಿಹ್ನೆಯನ್ನು ಮಗು "ಈಗ ಉತ್ತರ ಬರೆ" ಎಂಬ ಆಜ್ಞೆ ಎಂದುಕೊಂಡಿದೆ. ಎರಡೂ ಕಡೆ ತೂಕ ಒಂದೇ ಎನ್ನುವುದು ಇನ್ನೂ ಹೊಳೆದಿಲ್ಲ. (ಉತ್ತರ 7.)

0.45 ಮತ್ತು 0.6ರಲ್ಲಿ ಯಾವುದು ದೊಡ್ಡದು? 0.45 ಎಂದರೆ, ಮಗು ಬಿಂದುವಿನ ಆಚೆಗಿನದನ್ನು ನಲವತ್ತೈದು, ಆರು ಎಂದೇ ಓದುತ್ತಿದೆ.

ಇದನ್ನೆಲ್ಲ ಹೊರತೆಗೆಯಲು ಒಂದೇ ಪ್ರಶ್ನೆ ಸಾಕು: "ಇದನ್ನ ಹೇಗೆ ಮಾಡಿದೆ ಪುಟ್ಟಾ, ನನಗೂ ಹೇಳಿಕೊಡು." ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಟೀಚರ್ ಆದವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಸರಿಯುತ್ತರ ಬಂದಾಗಲೂ ಇದೇ ಪ್ರಶ್ನೆ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ, ಆ ಪ್ರಶ್ನೆ ಬಂತೆಂದರೆ ತಪ್ಪಾಗಿದೆ ಎಂದರ್ಥ ಎಂದು ಎರಡೇ ದಿನದಲ್ಲಿ ಕಂಡುಕೊಳ್ಳುತ್ತವೆ ಮಕ್ಕಳು.

ಓದಿನ ವಿಷಯಕ್ಕೆ ಬರೋಣ. ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಒಂದು ಸರಳ ಸೂತ್ರ ಮುಂದಿಟ್ಟರು: ಓದಿ ತಿಳಿಯುವುದು ಎಂದರೆ ಅಕ್ಷರ ಬಿಡಿಸುವುದು ಮತ್ತು ಮಾತು ಅರ್ಥವಾಗುವುದು, ಇವೆರಡರ ಗುಣಾಕಾರ. ಗುಣಾಕಾರವಾದ್ದರಿಂದ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾಠದ ಒಂದು ಪ್ಯಾರಾವನ್ನು ಮಗು ಗಟ್ಟಿಯಾಗಿ ಓದಲಿ, ಆಮೇಲೆ ಏನು ಓದಿದೆ ಎಂದು ಹೇಳಲಿ. ಅಷ್ಟೇ ಕಷ್ಟದ ಇನ್ನೊಂದು ಪ್ಯಾರಾವನ್ನು ನೀವು ಓದಿ, ಅದನ್ನೂ ಹೇಳಲಿ. ನೀವು ಓದಿದ್ದು ಅರ್ಥವಾಗಿ, ತಾನೇ ಓದಿದ್ದು ಆಗದಿದ್ದರೆ ತೊಡಕು ಅಕ್ಷರದಲ್ಲಿದೆ. ಒತ್ತಕ್ಷರ ಬಂದ ಕಡೆಯೆಲ್ಲ ತಡವರಿಸುವುದು ಆಗಲೇ ಕಿವಿಗೆ ಬಿದ್ದಿರುತ್ತದೆ. ಎರಡೂ ಅರ್ಥವಾಗದಿದ್ದರೆ ಪದಗಳ ಕೊರತೆ, ಇಲ್ಲವೇ ಆ ವಿಷಯವೇ ಹೊಸದು. ಎರಡಕ್ಕೂ ಮದ್ದು ಬೇರೆ ಬೇರೆ.

ಹಂತ 2: ಒಂದನ್ನೇ ಆರಿಸಿಕೊಳ್ಳಿ

ವಾರದ ಕೊನೆಗೆ ನಿಮ್ಮ ಪುಸ್ತಕದಲ್ಲಿ ಏಳೆಂಟು ಕೊರತೆಗಳು ಕಾಣುತ್ತವೆ. ಎಲ್ಲವನ್ನೂ ಸೋಮವಾರದಿಂದಲೇ ಸರಿಮಾಡುವ ಉಮೇದು ಬರುತ್ತದೆ. ಒಂದನ್ನು ಮಾತ್ರ ಹಿಡಿಯಿರಿ. ಯಾವುದು ಬಾರದೆ ಹೋದರೆ ಬೇರೆ ಹತ್ತು ವಿಷಯ ನಿಲ್ಲುತ್ತದೋ ಅದನ್ನು. ಭಿನ್ನರಾಶಿ ತಪ್ಪುವ ಮಗುವಿಗೆ ಮಗ್ಗಿ ಬರುವುದಿಲ್ಲ ಎಂದಾದರೆ ಮಗ್ಗಿಯೇ ಮೊದಲು. ಮಗು ಐದನೇ ತರಗತಿಯಲ್ಲಿದ್ದು ಮೂರನೇ ತರಗತಿಯದನ್ನು ಕಲಿಯಬೇಕಾಗಿ ಬಂದರೆ ಮುಜುಗರ ಬೇಡ, ಅಲ್ಲಿಗೇ ಹೋಗಿ.

ಮತ್ತೆ ಮತ್ತೆ ಕಾಣುವ ತಪ್ಪು: ನಾಡಿದ್ದಿನ ಟೆಸ್ಟಿಗೆ ಏನು ಬರುತ್ತದೋ ಅದನ್ನೇ ಕೊರತೆ ಎಂದುಕೊಳ್ಳುವುದು. ಟೆಸ್ಟಿಗೆ ಬೇಕಾದ್ದನ್ನು ಓದಿಸಿ, ಆದರೆ ಈ ಇಪ್ಪತ್ತು ನಿಮಿಷವನ್ನು ಅದಕ್ಕೆ ಬಿಟ್ಟುಕೊಡಬೇಡಿ.

ಹಂತ 3: ಹೊತ್ತು ಗೊತ್ತುಮಾಡಿ

ವಾರಕ್ಕೆ ನಾಲ್ಕು ದಿನ, ದಿನಕ್ಕೆ 20 ನಿಮಿಷ. ಭಾನುವಾರ ಒಂದೇ ಸಲ ಎಂಬತ್ತು ನಿಮಿಷ ಕೂರಿಸಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುವುದಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ನೆನಪು ಮೊದಲ ಕೆಲವು ಗಂಟೆಗಳಲ್ಲೇ ಧಡಾರನೆ ಬೀಳುತ್ತದೆ, ಆಮೇಲೆ ಆ ಇಳಿತ ನಿಧಾನವಾಗುತ್ತದೆ; ಒಂದೇ ಸಲ ಉರು ಹೊಡೆಯುವುದಕ್ಕಿಂತ ದಿನಗಳ ಅಂತರದಲ್ಲಿ ಮತ್ತೆ ಮುಟ್ಟಿದರೆ ಹೆಚ್ಚು ಉಳಿಯುತ್ತದೆ ಎಂಬುದೂ ಅವನಿಗೆ ಅಂದೇ ಕಂಡಿತ್ತು. ಅಂತರ ಬಿಟ್ಟು ಮರಳುವ ಈ ಪದ್ಧತಿಗೆ ಈಗ "ಅಂತರದ ಅಭ್ಯಾಸ" ಎನ್ನುತ್ತಾರೆ.

ಗಡಿಯಾರದ ಸಮಯಕ್ಕಿಂತ, ದಿನವೂ ಹೇಗೂ ನಡೆಯುವ ಕೆಲಸವೊಂದಕ್ಕೆ ಕಟ್ಟಿದರೆ ಒಳ್ಳೆಯದು. "ಏಳು ಗಂಟೆಗೆ" ಎಂದರೆ ಬಸ್ಸು ತಡವಾದ ದಿನ ತಪ್ಪುತ್ತದೆ. "ನಾನು ಬಂದು ಮುಖ ತೊಳೆದು ಕೂತ ಮೇಲೆ" ಎಂದರೆ ಬಸ್ಸು ಎಷ್ಟೊತ್ತಿಗೆ ಬಂದರೂ ನಡೆಯುತ್ತದೆ. ಸಂಜೆ ಸಾಧ್ಯವೇ ಇಲ್ಲದವರು ಬೆಳಿಗ್ಗೆ ಹತ್ತು, ಸಂಜೆ ಹತ್ತು ಎಂದು ಹಂಚಿಕೊಳ್ಳಿ.

ನಿದ್ದೆಯಿಂದ ಕದಿಯಬೇಡಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ನಿದ್ರಾ ವೈದ್ಯರ ಅಮೆರಿಕನ್ ಸಂಸ್ಥೆಯೊಂದು 2016ರಲ್ಲಿ ಶಿಫಾರಸು ಮಾಡಿದೆ. ತಡವಾದ ದಿನ ಪಾಠ ಬಿಡಿ, ಮಲಗಿಸಿ. ಹಾಗೆ ಬಿಟ್ಟದ್ದನ್ನು ಮರುದಿನ ಬಡ್ಡಿ ಸಮೇತ ವಸೂಲಿ ಮಾಡಬಾರದು.

ಹಂತ 4: ಇಪ್ಪತ್ತು ನಿಮಿಷವನ್ನು ಹೀಗೆ ಒಡೆಯಿರಿ

*ಮೊದಲ ಐದು ನಿಮಿಷ: ನೆನಪಿನಿಂದ ಹೊರಗೆ.* ಪುಸ್ತಕ ಮುಚ್ಚಿರಲಿ. ಮೊನ್ನೆ ಮಾಡಿದ್ದರಲ್ಲಿ ನೆನಪಿರುವುದನ್ನು ಮಗು ಹೇಳಲಿ, ಬರೆಯಲಿ, ಚಿತ್ರ ಬಿಡಿಸಲಿ. ಅಮ್ಮಂದಿರು ಇಲ್ಲಿ ಸಾಮಾನ್ಯವಾಗಿ "ಇನ್ನೊಂದ್ಸಲ ಓದ್ಕೋ" ಎನ್ನುತ್ತೇವೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಮುಚ್ಚಿ, ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಮರು ಓದು ಸುಲಭ ಅನಿಸುತ್ತದೆ, ಬಂತು ಎಂಬ ಭ್ರಮೆ ಹುಟ್ಟಿಸುತ್ತದೆ. ನೆನಪಿಸಿಕೊಳ್ಳುವಾಗ ಮಗು ಮುಖ ಗಂಟಿಕ್ಕಿ ತಿಣುಕುತ್ತದಲ್ಲ, ಕಲಿಕೆ ಆಗುತ್ತಿರುವುದು ಆಗಲೇ. ಹತ್ತು ಎಣಿಸುವವರೆಗಾದರೂ ಕಾಯಿರಿ, ಆಮೇಲೆ ಸುಳಿವು ಕೊಡಿ.

*ನಡುವಿನ ಹತ್ತು ನಿಮಿಷ: ಹೊಸದು, ಒಂದೇ ಒಂದು.* ಮೊದಲ ಲೆಕ್ಕವನ್ನು ನೀವೇ ಮಾಡಿ, ಮನಸ್ಸಿನಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ. ಎರಡನೆಯದರಲ್ಲಿ ಕೊನೆಯ ಹೆಜ್ಜೆ ಮಗುವಿಗೆ ಬಿಡಿ. ಮೂರನೆಯದರಲ್ಲಿ ಕೊನೆಯ ಎರಡು ಹೆಜ್ಜೆ. ಹೀಗೆ ನಿಮ್ಮ ಪಾಲು ಕರಗುತ್ತ ಹೋಗಬೇಕು.

ಮೇಲಿನ 52 − 38ಕ್ಕೇ ಬನ್ನಿ. ಬಣ್ಣದ ಪೆನ್ಸಿಲ್ಲೋ ಕಡ್ಡಿಯೋ ಸಿಕ್ಕಿದ್ದನ್ನು ಹತ್ತತ್ತು ಸೇರಿಸಿ ರಬ್ಬರ್‌ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ. "ನನಗೆ ಎಂಟು ಬಿಡಿ ಕೊಡು" ಎನ್ನಿ. ಮಗು ಎರಡು ಕಡ್ಡಿ ಕೈಗಿಟ್ಟು ನಿಮ್ಮ ಮುಖ ನೋಡುತ್ತದೆ. ಏನೂ ಹೇಳಬೇಡಿ. ಕೊನೆಗೊಮ್ಮೆ ಒಂದು ಕಟ್ಟಿನ ರಬ್ಬರ್‌ಬ್ಯಾಂಡಿಗೆ ಅದು ತಾನಾಗಿ ಕೈಹಾಕುತ್ತದೆ. ಕಟ್ಟು ಬಿಚ್ಚಿದ ಮೇಲೆ ಹನ್ನೆರಡು ಬಿಡಿ. ಎಂಟು ಕೊಟ್ಟರೆ ನಾಲ್ಕು. ಉಳಿದ ನಾಲ್ಕು ಕಟ್ಟಿನಲ್ಲಿ ಮೂರು ಕೊಟ್ಟರೆ ಒಂದು. ಹದಿನಾಲ್ಕು. ಇಷ್ಟಾದ ನಂತರವೇ ಕಾಗದದ ಮೇಲೆ 5ನ್ನು ಹೊಡೆದು 4 ಬರೆಯುವುದನ್ನು ತೋರಿಸಿ. ದಶಕ ಬಿಡಿಸುವುದು ಎಂದರೆ ಆ ರಬ್ಬರ್‌ಬ್ಯಾಂಡು ಬಿಚ್ಚಿದ್ದೇ ಎಂದು ಆಗ ಹೊಂದಿಸಿಕೊಳ್ಳುತ್ತದೆ.

*ಕೊನೆಯ ಐದು ನಿಮಿಷ: ಕಲಸಿ ಕೊಡಿ.* ಒಂದು ಕಳೆಯುವುದು, ಒಂದು ಕೂಡುವುದು, ಹೋದ ತಿಂಗಳಿನದೊಂದು. ಒಂದೇ ಬಗೆಯ ಹತ್ತು ಲೆಕ್ಕ ಸಾಲಾಗಿ ಕೊಟ್ಟರೆ, ಯಾವ ವಿಧಾನ ಬಳಸಬೇಕು ಎಂದು ಯೋಚಿಸುವ ಕೆಲಸವೇ ಮಗುವಿಗೆ ಉಳಿಯುವುದಿಲ್ಲ. ಕಲಸಿ ಕೊಟ್ಟಾಗ ತಪ್ಪು ಹೆಚ್ಚುತ್ತದೆ, ಹೆದರಬೇಡಿ. ರೋಹ್ರರ್ ಮತ್ತು ಟೇಲರ್ 2007ರಲ್ಲಿ ತೋರಿಸಿದ್ದು ಇದನ್ನೇ: ಅಭ್ಯಾಸದ ಹೊತ್ತಿನಲ್ಲಿ ಹಿಂದೆ ಬಿದ್ದ ಕಲಸು ಲೆಕ್ಕದವರು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು.

ಕೊನೆಯ ಲೆಕ್ಕ ಮಗುವಿಗೆ ಖಂಡಿತ ಬರುವಂಥದ್ದಾಗಿರಲಿ. ಇಪ್ಪತ್ತು ನಿಮಿಷವಾದೊಡನೆ ಎದ್ದುಬಿಡಿ. "ಚೆನ್ನಾಗಿ ನಡೀತಿದೆ, ಇನ್ನು ಹತ್ತು ನಿಮಿಷ" ಎಂದಿರೋ, ನಾಳೆ ಮಗು ಚೆನ್ನಾಗಿ ನಡೆಸದಿರುವುದನ್ನು ಕಲಿಯುತ್ತದೆ.

ಹಂತ 5: ಮಗ್ಗಿಗೆ ಚೀಟಿ, ಚೀಟಿಗೆ ಡಬ್ಬಿ

1ರಿಂದ 10ರವರೆಗಿನ ಮಗ್ಗಿಯಲ್ಲಿ ನೂರು ಗುಣಾಕಾರಗಳಿವೆ. 7×8, 8×7 ಎರಡೂ ಒಂದೇ ಎಂದು ಹಿಡಿದರೆ 55ಕ್ಕೆ ಇಳಿಯುತ್ತದೆ. 1, 2, 5, 10ರ ಮಗ್ಗಿ ಹೆಚ್ಚಿನ ಮಕ್ಕಳಿಗೆ ಬಂದಿರುತ್ತದೆ. ಅವನ್ನು ತೆಗೆದರೆ ಉಳಿಯುವುದು 21. ನೂರರ ಬೆಟ್ಟ ನೋಡಿ ಅಳುವ ಮಗುವಿಗೆ ಈ ಎಣಿಕೆಯನ್ನು ಕೂತು ಮಾಡಿ ತೋರಿಸಿ. ಅಳು ಅರ್ಧ ಅಲ್ಲಿಗೇ ನಿಲ್ಲುತ್ತದೆ.

ಆ 21ನ್ನು ಚೀಟಿಯ ಮುಂದೆ ಪ್ರಶ್ನೆ, ಹಿಂದೆ ಉತ್ತರ ಎಂದು ಬರೆಯಿರಿ. ಮೂರು ಡಬ್ಬಿ ಇಡಿ. ಎಲ್ಲ ಚೀಟಿಯೂ ಮೊದಲು ಒಂದನೇ ಡಬ್ಬಿಗೆ. ಸರಿ ಹೇಳಿದ್ದು ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಎಲ್ಲಿದ್ದರೂ ಒಂದಕ್ಕೆ ವಾಪಸ್. ಒಂದನೇ ಡಬ್ಬಿ ಕೂತ ದಿನವೆಲ್ಲ, ಎರಡನೆಯದು ವಾರಕ್ಕೆ ಎರಡು ಸಲ, ಮೂರನೆಯದು ವಾರಕ್ಕೊಮ್ಮೆ. ಇದು ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ 1972ರಲ್ಲಿ ಜನಪ್ರಿಯಗೊಳಿಸಿದ ಉಪಾಯ. ಬಂದದ್ದನ್ನು ಬಿಟ್ಟು ಬಾರದ್ದರ ಮೇಲೆ ಹೊತ್ತು ಹೋಗುತ್ತದೆ ಎಂಬುದೇ ಇದರ ಸೊಗಸು. ಹೊಸ ಪದ, ಕಾಗುಣಿತ, ವಿಜ್ಞಾನದ ವ್ಯಾಖ್ಯೆ, ಯಾವುದಕ್ಕೂ ಬಳಸಬಹುದು. ಚೀಟಿಯನ್ನು ಮಗುವೇ ಬರೆಯಲಿ. ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ತುರುಕಬೇಡಿ.

ಹಂತ 6: ಜೋಡಿ ಓದು

ಅಕ್ಷರದಲ್ಲಿ ತಡವರಿಸುವ ಮಗುವಿಗೆ ಇದು. ಇಬ್ಬರೂ ಒಂದೇ ಪುಸ್ತಕ ಹಿಡಿದು ಒಟ್ಟಿಗೆ, ಗಟ್ಟಿಯಾಗಿ, ಮಗುವಿನ ವೇಗದಲ್ಲಿ ಓದಿ. ತಾನೊಬ್ಬನೇ ಓದಬಲ್ಲೆ ಅನಿಸಿದಾಗ ಮಗು ನಿಮ್ಮ ಕೈ ತಟ್ಟಲಿ, ನೀವು ನಿಲ್ಲಿಸಿ. ತಪ್ಪಿದರೆ ನಾಲ್ಕೈದು ಸೆಕೆಂಡ್ ಕಾಯಿರಿ. ತಿದ್ದಿಕೊಳ್ಳದಿದ್ದರೆ ಸರಿಯಾದ ಪದ ಹೇಳಿ, ಮಗು ಅದನ್ನು ಹೇಳಲಿ, ಮತ್ತೆ ಒಟ್ಟಿಗೆ ಸಾಗಿ. ಪದವನ್ನು ಒಡೆದು ಒಡೆದು ಪಾಠ ಮಾಡುವ ಜಾಗ ಇದಲ್ಲ. ಪುಸ್ತಕ ಮಗುವಿನ ಆಯ್ಕೆ, ಅದು ಕ್ರಿಕೆಟ್ ಅಂಕಿಅಂಶವಾದರೂ ಸರಿ. ಓದಿಸುವ ದಿನ ಇದನ್ನೇ ಇಪ್ಪತ್ತು ನಿಮಿಷ ಮಾಡಿ, ಲೆಕ್ಕ ಬೇಡ.

ಪದಗಳ ಕೊರತೆ ಇರುವ ಮಗುವಿಗಾದರೆ ನೀವೇ ಓದಿ ಹೇಳಿ. ದೊಡ್ಡವನಾದ, ಇನ್ನು ತಾನೇ ಓದಲಿ ಎಂದು ನಿಲ್ಲಿಸಿರುತ್ತೇವೆ. ಮಗು ತಾನೇ ಓದಬಲ್ಲದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸಿ.

ಹಂತ 7: ಶಾಲೆಗೆ ತಿಳಿಸಿ

ಶಾಲೆಯಲ್ಲಿ ಭಾಗಾಕಾರ ಒಂದು ರೀತಿ, ಅಮ್ಮ ಕಲಿತದ್ದು ಇನ್ನೊಂದು ರೀತಿ. "ನಮ್ಮ ಕಾಲದ್ದೇ ಸುಲಭ" ಎಂದು ನೀವು ಶುರುಮಾಡಿದರೆ ನಡುವೆ ಸಿಕ್ಕಿಬೀಳುವುದು ಮಗು. ಶಾಲೆಯ ರೀತಿ ಗಟ್ಟಿಯಾಗುವವರೆಗೆ ನಿಮ್ಮದನ್ನು ಮುಚ್ಚಿಡಿ.

ಟೀಚರ್ ಹತ್ತಿರ ಮಾತಾಡುವಾಗ "ನನ್ನ ಮಗ ಹೇಗೆ ಓದ್ತಿದ್ದಾನೆ?" ಎಂದು ಕೇಳಿದರೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಬೇಕು" ಎಂಬ ಉತ್ತರ ಸಿಗುತ್ತದೆ. ನಾನೂ ಟೀಚರ್ ಆಗಿ ಅದನ್ನೇ ಎಷ್ಟೋ ಸಲ ಹೇಳಿದ್ದೇನೆ. ಬದಲಿಗೆ, "ಮೇಡಂ, ಸೊನ್ನೆ ಇರುವ ಸಂಖ್ಯೆಯಲ್ಲಿ ಕಳೆಯುವಾಗ ತಪ್ಪುತ್ತಾನೆ. ತರಗತಿಯಲ್ಲೂ ಹೀಗೇ ಆಗ್ತಿದೆಯಾ? ನೀವು ಯಾವ ರೀತಿ ಹೇಳಿಕೊಡ್ತೀರಿ?" ಎಂದು ಕೇಳಿ ನೋಡಿ. ಹೋಮ್‌ವರ್ಕಿನಲ್ಲಿ ಮಗು ಮಾಡಿದ ತಪ್ಪನ್ನು ನೀವು ತಿದ್ದಿ ಕಳಿಸಬೇಡಿ. ಟೀಚರ್‌ಗೆ ಆ ತಪ್ಪು ಕಾಣಬೇಕು.

ಒಂದೇ ಶಾಲೆಯಲ್ಲಿ ನೀವೂ ಟೀಚರ್ ಆಗಿದ್ದರೆ, ಸಹೋದ್ಯೋಗಿಯ ಜತೆ ಮಗುವಿನ ಮಾತು ಸ್ಟಾಫ್‌ರೂಮಿನಲ್ಲಿ ಬೇಡ. ಬೇರೆ ತಂದೆತಾಯಿಯರಂತೆ ಸಮಯ ಕೇಳಿಕೊಂಡು ಹೋಗಿ.

ಎಡವುವ ಜಾಗಗಳು

ಬಹುಮಾನದ ಆಸೆ ತೋರಿಸುವುದು. ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಿಗೆ "ಬರೆದರೆ ಬಹುಮಾನ" ಎಂದು ಮೊದಲೇ ಹೇಳಿ ಬರೆಸಿದ 1973ರ ಪ್ರಸಿದ್ಧ ಪ್ರಯೋಗವೊಂದಿದೆ. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಬರೆದರು. ಮಗುವಿಗೆ ಇಷ್ಟವಿರುವುದಕ್ಕೆ ಬೆಲೆ ಕಟ್ಟಬೇಡಿ. ಬೇಸರದ ಮಗ್ಗಿ ಚೀಟಿಗೆ ಅಪರೂಪಕ್ಕೊಮ್ಮೆ ಏನಾದರೂ ಕೊಟ್ಟರೆ ಅಡ್ಡಿಯಿಲ್ಲ.

"ಜಾಣ" ಎನ್ನುವುದು. ಮುಂದಿನ ಲೆಕ್ಕ ತಪ್ಪಿದರೆ ಜಾಣತನವೇ ಹೋಯಿತಲ್ಲ ಎಂದು ಮಗು ಸುಲಭದ್ದನ್ನೇ ಹುಡುಕುತ್ತದೆ. ಏನು ಮಾಡಿತು ಎಂಬುದನ್ನು ಹೇಳಿ: "ಉತ್ತರ ಬಂದ ಮೇಲೂ ಕೂಡಿಸಿ ತಾಳೆ ನೋಡಿದೆ."

"ನನಗೂ ಗಣಿತ ಬರ್ತಿರಲಿಲ್ಲ ಬಿಡು." ಸಮಾಧಾನಕ್ಕೆಂದು ಹೇಳುವ ಮಾತು. ಗಣಿತದ ಭಯ ಹೆಚ್ಚಿರುವ ತಂದೆತಾಯಿಯರು ಹೋಮ್‌ವರ್ಕಿಗೆ ಪದೇ ಪದೇ ಕೂತರೆ, ಒಂದು ಎರಡನೇ ತರಗತಿಯ ಮಕ್ಕಳು ಆ ವರ್ಷ ಗಣಿತ ಕಡಿಮೆ ಕಲಿಯುತ್ತಾರೆ ಎಂದು 2015ರ ಅಧ್ಯಯನವೊಂದು ಕಂಡುಕೊಂಡಿದೆ. ನಿಮಗೆ ಆ ಭಯ ಇದ್ದರೆ ಲೆಕ್ಕವನ್ನು ಮನೆಯ ಬೇರೆಯವರಿಗೆ ಬಿಟ್ಟು, ನೀವು ಓದು ಹಿಡಿಯಿರಿ.

ಮೇಜಿನ ಮೇಲಿನ ಫೋನು. ನಿಮ್ಮದನ್ನು ಹೇಳುತ್ತಿದ್ದೇನೆ.

ಹಂತ 8: ಆರು ವಾರಕ್ಕೊಮ್ಮೆ ತೂಗಿ ನೋಡಿ

ಮೊದಲ ವಾರ ಕೊಟ್ಟ ಲೆಕ್ಕಗಳನ್ನೇ, ಅಂಕಿ ಬದಲಿಸಿ, ಏನೂ ಹೇಳದೆ ಮತ್ತೆ ಕೊಡಿ. ಹತ್ತರಲ್ಲಿ ಒಂಬತ್ತು ಸರಿಬಂದರೆ ಆ ಕೊರತೆ ಮುಗಿಯಿತು. ಅದನ್ನು ಕಲಸು ಲೆಕ್ಕಕ್ಕೆ ಸೇರಿಸಿ, ಮುಂದಿನದನ್ನು ಹಿಡಿಯಿರಿ. ನಡುವೆ ಒಂದು ವಾರ ಪೂರ್ತಿ ರಜೆ ಕೊಡಿ, ನಿಮಗೂ ಸೇರಿಸಿ. ಆರು ಏಳು ಸರಿಯಾದರೆ ಇನ್ನೆರಡು ವಾರ ಮುಂದುವರಿಸಿ.

ಏನೂ ಬದಲಾಗದಿದ್ದರೆ ಹೊತ್ತು ಹೆಚ್ಚಿಸಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಮಸುಕಾಗಿ ಕಾಣುವ ಮಗು ಹಾಗೆಂದು ಹೇಳುವುದಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಅದೂ ಸರಿಯಿದ್ದು, ಓದು ಮಾತ್ರ ಮುಂದಕ್ಕೆ ಹೋಗದಿದ್ದರೆ ಡಿಸ್ಲೆಕ್ಸಿಯಾ ಇರಬಹುದೇ ಎಂದು ತಜ್ಞರಿಂದ ತಪಾಸಣೆ ಮಾಡಿಸಬೇಕು. ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವುದರಲ್ಲಿ ಬರುವ ತೊಡಕು ಅದು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಹೋಗುವಾಗ ತಾರೀಖು ಹಾಕಿ ಬರೆದಿಟ್ಟ ನಿಮ್ಮ ಆ ಚಿಕ್ಕ ಪುಸ್ತಕವನ್ನೂ, ಮಗುವಿನ ನೋಟ್‌ಬುಕ್ಕನ್ನೂ ಮರೆಯದೆ ಜೊತೆಗೆ ಒಯ್ಯಿರಿ. ಯಾವಾಗಿನಿಂದ, ಎಲ್ಲಿ, ಹೇಗೆ ತಪ್ಪುತ್ತದೆ ಎಂದೇ ಅವರು ಮೊದಲು ಕೇಳುವುದು.